ನೋಡಿದವರ ಪಾಲು

2024ರ ಏಪ್ರಿಲ್ ತಿಂಗಳಿನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ನೆರೆಯ ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವುಗಳು ಹಂಚಿಕೆಯಾದವು. ಅವುಗಳಲ್ಲಿದ್ದ ಲೈಂಗಿಕ ದೌರ್ಜನ್ಯದ ದೃಶ್ಯಗಳು ಮೊಬೈಲಿನ ಮೂಲಕ ಬಹುಬೇಗ ನಮ್ಮ ಮೈಸೂರನ್ನೂ ತಲಪಿದವು. ವಿಶೇಷ ತನಿಖಾ ತಂಡ ರಚನೆಯಾಯಿತು. ಮೇ 31ರಂದು ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಬಂಧನವಾಯಿತು. ಮನೆಗೆಲಸದ ಕಾಯಕ ಮಾಡಿಕೊಂಡಿದ್ದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇದೆಲ್ಲ ಓದುಗ ಬಂಧುಗಳಿಗೆ ತಿಳಿದ ಸಂಗತಿಯೇ. ನಾವು ಇಲ್ಲಿ ಹೇಳಹೊರಟಿರುವುದು ಅಪರಾಧಿಯ ವಿಚಾರವನ್ನಲ್ಲ, ನೋಡಿದವರ ವಿಚಾರವನ್ನು.

ಆ ದಿನಗಳಲ್ಲಿ ಮದುವೆಮನೆಯ ಪಂಕ್ತಿಗಳಲ್ಲಿಯೂ ನಮ್ಮ ಕಿವಿಗೆ ಬಿದ್ದ ಮಾತುಗಳು ಎರಡೇ: "ನಿಮಗೆ ಬಂತೇ?" "ಒಟ್ಟು ಎಷ್ಟಿವೆಯಂತೆ?" ಕೇಳಿದವರಲ್ಲಿ ಮೊಮ್ಮಕ್ಕಳನ್ನು ಕಂಡ ಹಿರಿಯರೂ ಇದ್ದರು. ದೃಶ್ಯಗಳಲ್ಲಿದ್ದ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡಿರಲಿಲ್ಲ. ಅವರು ಎಷ್ಟು ಜನ ಎಂಬ ಲೆಕ್ಕ ನಡೆಯಿತೇ ಹೊರತು ಅವರ ಗತಿಯೇನು ಎಂದು ಕೇಳಿದವರು ವಿರಳ. ಹಾಲಿನ ಡೈರಿಗೋ ಪಡಿತರದ ಅಂಗಡಿಗೋ ಹೋದರೆ, ಎದುರು ನಿಂತವರೆಲ್ಲ ತನ್ನನ್ನು ನೋಡಿದ್ದಾರೆಂಬ ಅರಿವಿನಲ್ಲಿ ಒಬ್ಬ ಹೆಣ್ಣುಮಗಳು ಹೇಗೆ ಬದುಕಬೇಕು? ಕೆಲವು ಕುಟುಂಬಗಳು ಊರನ್ನೇ ತೊರೆದವೆಂದು ಪತ್ರಿಕೆಗಳು ವರದಿ ಮಾಡಿದವು.

ಅತ್ಯಾಚಾರಕ್ಕೊಳಗಾದವರ ಗುರುತನ್ನು ಪ್ರಕಟಿಸುವುದು ನಮ್ಮ ಕಾನೂನಿನಲ್ಲಿ ಶಿಕ್ಷಾರ್ಹ. ಪತ್ರಿಕೆಗಳು ಮುಚ್ಚಿಟ್ಟ ಹೆಸರನ್ನು ಮೊಬೈಲುಗಳು ಮುಖಸಹಿತ ಬಿತ್ತರಿಸಿದವು. ದೃಶ್ಯಗಳನ್ನು ಹಂಚುವುದು ಅಪರಾಧವೆಂದು ತನಿಖಾ ತಂಡವೇ ಎಚ್ಚರಿಸಬೇಕಾಯಿತು. "ಸತ್ಯ ಬಯಲಾಗಬೇಡವೇ?" ಎಂದು ವಾದಿಸುವವರುಂಟು. ಸತ್ಯವನ್ನು ಒಯ್ಯಬೇಕಾದದ್ದು ಪೊಲೀಸರ ಬಳಿಗೆ, ನ್ಯಾಯಾಲಯಕ್ಕೆ, ನೆರೆಮನೆಯವರ ಮೊಬೈಲಿಗಲ್ಲ. ಮುಖ ಬಯಲಾದ ಭಯದಿಂದ ದೂರು ಕೊಡಲು ಹಿಂಜರಿಯುವವರ ಮೌನ ಯಾರಿಗೆ ಲಾಭವೆಂಬುದನ್ನು ಯೋಚಿಸಬೇಕು.

"ಅವರನ್ನು ನಿಮ್ಮ ಅಕ್ಕತಂಗಿಯರೆಂದು ಭಾವಿಸಿ" ಎಂಬ ಉಪದೇಶ ವೇದಿಕೆಗಳಲ್ಲಿ ವಾಡಿಕೆಯಾಗಿದೆ. ನಮಗೆ ಅದೂ ಅಷ್ಟು ಸರಿತೋರದು. ಯಾರ ಅಕ್ಕನೂ ಯಾರ ಮಡದಿಯೂ ಅಲ್ಲದ ಹೆಣ್ಣಿಗೂ ತನ್ನದೇ ಆದ ಘನತೆಯುಂಟಲ್ಲವೇ?

ಈಗಂತೂ ನಡೆಯದ ಘಟನೆಯನ್ನೂ ನಡೆದಂತೆ ತೋರಿಸಬಹುದು. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಕಂಪ್ಯೂಟರಿನಿಂದ ಜೋಡಿಸಿದ ವೀಡಿಯೊ ದೇಶವೆಲ್ಲ ಹರಿದಾಡಿತು. ಅನುಯಾಯಿಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಹಾಗೆ ಮಾಡಲಾಗಿತ್ತೆಂದು ದೆಹಲಿ ಪೊಲೀಸರು ತಿಳಿಸಿದರು. ನಾಳೆ ಇದು ಕಾಲೇಜಿಗೆ ಹೋಗುವ ಯಾವ ಮಗಳ ಚಿತ್ರಕ್ಕಾದರೂ ಆಗಬಹುದು. ಹಾಗಾದಾಗ ತಾಯಿತಂದೆಯರು ಮೊದಲು ಮಗಳನ್ನು ಗದರಿಸಿ, ಅವಳ ಮೊಬೈಲನ್ನು ಕಸಿದು, ಕಾಲೇಜು ಬಿಡಿಸುವ ಆತುರಕ್ಕೆ ಬೀಳಬಾರದು. ಅವಳನ್ನು ಹತ್ತಿರ ಕೂರಿಸಿಕೊಂಡು, ಚಿತ್ರ ಎಲ್ಲಿಂದ ಬಂತೆಂಬ ವಿವರವನ್ನು ಸಾಕ್ಷ್ಯಕ್ಕಾಗಿ ಉಳಿಸಿಕೊಂಡು, ನಗರದ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಠಾಣೆಯ ಮೆಟ್ಟಿಲೇರಲು ಸಂಕೋಚಪಡುವವರಿಗೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ ಇದೆ. ಹೆಣ್ಣುಮಕ್ಕಳ ಇಂಥ ದೂರುಗಳನ್ನು ಹೆಸರು ಹೇಳದೆಯೂ ಅಲ್ಲಿ ದಾಖಲಿಸಬಹುದು.