ವಿಶ್ವಬ್ಯಾಂಕ್ ಸಾಲದ ಷರತ್ತು ಪಂಚಾಯ್ತಿಗೂ ಗೊತ್ತಾಗಲಿ

ರಾಜ್ಯ ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ನಮ್ಮ ಕಡೆ ‘ಕೆಶಿಪ್’ ಅಂತಲೇ ಹೆಸರು. ಈ ಕೆಶಿಪ್‌ಗೆ ಮೊದಲು ವಿಶ್ವಬ್ಯಾಂಕ್, ಆಮೇಲೆ ಮನಿಲಾದಲ್ಲಿರುವ ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಅಂದರೆ ಎಡಿಬಿ, ಹಣ ಕೊಟ್ಟವು. ‘ವಿಶ್ವಬ್ಯಾಂಕ್ ದುಡ್ಡು ತಂದೆವು’ ಎಂದು ಭಾಷಣ ಮಾಡುವವರು ‘ಸಾಲ’ ಎಂಬ ಒಂದು ಪದವನ್ನು ಮಾತ್ರ ನುಂಗಿಬಿಡುತ್ತಾರೆ.

ತೀರಿಸುವವರು ಯಾರು? ಸಾಲಕ್ಕೆ ಸಹಿ ಬೀಳುವುದು ದೆಹಲಿಯಲ್ಲಿ. ಆದರೆ 12ನೇ ಹಣಕಾಸು ಆಯೋಗ ಹೇಳಿದ ಮೇಲೆ, 2005ರಿಂದ ಕೇಂದ್ರ ಇಂಥ ಹೊಸ ಸಾಲಗಳನ್ನು ಅದೇ ಷರತ್ತಿನ ಮೇಲೆ ನಮ್ಮಂಥ ರಾಜ್ಯಗಳಿಗೆ ದಾಟಿಸುತ್ತದೆ. ಡಾಲರ್ ಏರಿದರೆ ಆ ಹೊರೆಯೂ ರಾಜ್ಯದ್ದೇ. ಆಗ ಡಾಲರಿಗೆ ಸುಮಾರು 44 ರೂಪಾಯಿ ಇತ್ತು, ಈಗ 80 ದಾಟಿದೆ. ಬಡ್ಡಿ ಕಡಿಮೆ ಎನ್ನುವವರು ಈ ಲೆಕ್ಕವನ್ನೂ ಹೇಳಲಿ.

ಹಾಗಂತ ಈ ಬ್ಯಾಂಕುಗಳೇ ಬೇಡ ಎನ್ನುವ ವಾದ ನಮ್ಮದಲ್ಲ. ಆಲಮಟ್ಟಿಯನ್ನು ನೋಡಿ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಡೆಯಾದವರ ಪುನರ್ವಸತಿ ಹಿಂದೆ ಬಿತ್ತೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಎರಡು ಸಲ ಹಣ ತಡೆಹಿಡಿಯಿತು. ಕಂತು ನಿಂತ ಮೇಲೆಯೇ ಆ ಕೆಲಸಕ್ಕೆ ಚುರುಕು ಬಂದದ್ದು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, ಬಾಂಡ್ ಮಾರಿ ಮಾರುಕಟ್ಟೆಯಿಂದ ಹಣ ಎತ್ತಿತು. ಬಾಂಡ್ ಕೊಂಡವರಿಗೆ ಹೊತ್ತಿಗೆ ಬಡ್ಡಿ ಬಂದರಾಯಿತು, ಬಾಗಲಕೋಟೆಯಲ್ಲಿ ಮನೆ ಕಳೆದುಕೊಂಡವರು ಎಲ್ಲಿಗೆ ಹೋದರೆಂದು ಅವರೇಕೆ ಕೇಳುತ್ತಾರೆ? ನಮಗೆ ಬೇಕಾದದ್ದು ಆ ಬ್ಯಾಂಕಿನ ದುಡ್ಡಿಗಿಂತ ಅದರ ಜತೆ ಬರುವ ಷರತ್ತು.

ಷರತ್ತಿದ್ದರೆ ಸಾಲದು ಎನ್ನುವುದಕ್ಕೆ ನರ್ಮದೆಯೇ ಸಾಕ್ಷಿ. ಸರ್ದಾರ್ ಸರೋವರಕ್ಕೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಸಾಲ ಒಪ್ಪಿತ್ತು. ಜನ ಹೋರಾಡಿದರು. ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿ ಸರಿಯಿಲ್ಲ ಎಂದಿತು. ಮರುವರ್ಷ ಭಾರತ ಉಳಿದ ಸಾಲವೇ ಬೇಡ ಎಂದಿತು, ಅಣೆಕಟ್ಟು ಮಾತ್ರ ಏರುತ್ತಲೇ ಹೋಯಿತು.

ಆ ಹೋರಾಟದಿಂದ ನಮಗೂ ಒಂದು ದಾರಿ ಸಿಕ್ಕಿದೆ. 1993ರಲ್ಲಿ ವಿಶ್ವಬ್ಯಾಂಕ್ ‘ಇನ್‌ಸ್ಪೆಕ್ಷನ್ ಪ್ಯಾನೆಲ್’ ಎಂಬ ದೂರು ವ್ಯವಸ್ಥೆ ಮಾಡಿತು. ಅದರ ಸಾಲದ ಯೋಜನೆಯಿಂದ ತೊಂದರೆಯಾದ ಕನಿಷ್ಠ ಇಬ್ಬರು ಸೇರಿ ಕನ್ನಡದಲ್ಲೇ ಬರೆದು ಕಳಿಸಬಹುದು. ಶುಲ್ಕವಿಲ್ಲ. ಹೆಸರು ಗುಟ್ಟಾಗಿಡಿ ಎಂದೂ ಕೇಳಬಹುದು. ಆದರೆ ಅದಕ್ಕೂ ಮೊದಲು ಬ್ಯಾಂಕಿನವರಿಗೆ ಸಮಸ್ಯೆ ತಿಳಿಸಿರಬೇಕು, ಹಾಗಾಗಿ ಕೊಟ್ಟ ಅರ್ಜಿಯ ನಕಲು, ಸ್ವೀಕೃತಿ ಜೋಪಾನ. ಎಡಿಬಿಯಲ್ಲೂ ಇಂಥದೇ ವ್ಯವಸ್ಥೆ ಇದೆ.

ಆದರೆ ಹೊಲದ ಪಕ್ಕದ ರಸ್ತೆ ಯಾರ ಸಾಲದ್ದು ಎಂದೇ ಗೊತ್ತಿಲ್ಲದವರು ದೂರು ಬರೆಯುವುದು ಯಾರಿಗೆ? ಕಾಮಗಾರಿ ಫಲಕದಲ್ಲಿ ಗುತ್ತಿಗೆದಾರರ ಹೆಸರಿನ ಜತೆ ಬ್ಯಾಂಕಿನ ಹೆಸರೂ ಇರಲಿ. ಪರಿಹಾರದ ಷರತ್ತುಗಳ ಕನ್ನಡ ಪ್ರತಿ ಪಂಚಾಯ್ತಿಯಲ್ಲಿ ಸಿಗಲಿ. ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.