ಕೃಷ್ಣಾ ಕಣಿವೆ: ನೀರಿನ ಪಾಲಿನಷ್ಟೇ ಮುಖ್ಯ ನೀರಿನ ಕಾಲ

2019ರ ಬೇಸಿಗೆಯಲ್ಲಿ ಚಿಕ್ಕೋಡಿ, ಅಥಣಿ, ಜಮಖಂಡಿ ಭಾಗದಲ್ಲಿ ಕೃಷ್ಣೆ ಬತ್ತಿಹೋಗಿತ್ತು. ಕುಡಿಯುವುದಕ್ಕಾದರೂ ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಂಡಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಯಾರೂ ಕೇಳದೆಯೇ ನೀರು ಬಂತು. ಸಾಂಗ್ಲಿ, ಕೊಲ್ಹಾಪುರ ಜಲಾವೃತವಾದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿದಂಡೆಯ ಜನ ದನಕರು ಹೊಡೆದುಕೊಂಡು, ಕೈಗೆ ಸಿಕ್ಕ ಕಾಳುಕಡಿ ಹೊತ್ತುಕೊಂಡು ಪರಿಹಾರ ಕೇಂದ್ರ ಸೇರಿದರು. ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಬೇಕಾಯಿತು.

ಒಂದೇ ವರ್ಷ, ಒಂದೇ ನದಿ, ಅದೇ ಊರುಗಳು. ಮೇ ತಿಂಗಳಲ್ಲಿ ಬರ, ಆಗಸ್ಟ್‌ನಲ್ಲಿ ಪ್ರವಾಹ. ಕೃಷ್ಣೆಯ ಸಮಸ್ಯೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ನೀರು ಎಷ್ಟಿದೆ ಎಂಬ ಪ್ರಶ್ನೆಯಷ್ಟೇ ದೊಡ್ಡದು, ಅದು ಯಾವಾಗ ಬರುತ್ತದೆ ಎಂಬ ಪ್ರಶ್ನೆ. ಅರ್ಧ ಶತಮಾನದಿಂದ ನಾವು ಮೊದಲನೆಯದರ ಬಗ್ಗೆ ಮಾತ್ರ ವಾದಿಸುತ್ತಾ ಬಂದಿದ್ದೇವೆ. ಎರಡನೆಯದನ್ನು ನಿಭಾಯಿಸಲು ಮಹಾರಾಷ್ಟ್ರ–ಕರ್ನಾಟಕದ ನಡುವೆ ಒಂದು ಕಾಯಂ ಜಂಟಿ ವ್ಯವಸ್ಥೆಯನ್ನೂ ಕಟ್ಟಿಕೊಂಡಿಲ್ಲ.

ಈ ನದಿಯ ಗುಣ ನೆಲದಲ್ಲೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿದ ದಖ್ಖನ್ನಿನ ಕಪ್ಪುಶಿಲೆಯ ಮೇಲೆ ಕೃಷ್ಣೆ ಹುಟ್ಟುತ್ತಾಳೆ. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದರಿಂದ, ಅರಬ್ಬಿ ಸಮುದ್ರಕ್ಕೆ ಕೂಗಳತೆಯಲ್ಲಿ ಎನ್ನಬಹುದಾದ ಮಹಾಬಳೇಶ್ವರದಲ್ಲಿ ಹುಟ್ಟಿಯೂ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟದ ಮರೆಯಲ್ಲಿರುವ ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸು. ಅಂದರೆ ಬಯಲುನಾಡಿನ ಪಾಲಿಗೆ ಕೃಷ್ಣೆ ಬೇರೆ ಕಡೆಯ ಮಳೆಯನ್ನು ಹೊತ್ತು ತರುವ ನದಿ. ಗಟ್ಟಿ ಕಪ್ಪುಶಿಲೆ ನೀರನ್ನು ಒಡಲಲ್ಲಿ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ವರ್ಷದ ನೀರಿನ ಬಹುಪಾಲು ಜೂನ್–ಅಕ್ಟೋಬರ್ ನಡುವೆ ಹರಿದುಹೋಗುತ್ತದೆ. ಹಿಮನದಿಯ ಆಸರೆ ಇಲ್ಲದ ಈ ಹೊಳೆಗೆ ಬೇಸಿಗೆಯಲ್ಲಿ ನೀರು ಕೊಡುವವರು ಯಾರೂ ಇಲ್ಲ.

ಇಲ್ಲಿನ ಜನಜೀವನದ ಚರಿತ್ರೆಯೆಂದರೆ, ಮಳೆಗಾಲದ ಈ ನೀರನ್ನು ವರ್ಷದ ಉಳಿದ ತಿಂಗಳುಗಳಿಗೆ ಉಳಿಸಿಕೊಳ್ಳಲು ನಡೆಸಿದ ಹೆಣಗಾಟದ ಚರಿತ್ರೆ. ಅದು ಬಹಳ ಹಳೆಯದು. ಸುರಪುರ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಬೆಳಕಿಗೆ ತಂದ ಶಿಲಾಯುಗದ ನೆಲೆಗಳು ದೇಶದ ಅತ್ಯಂತ ಪುರಾತನ ಮಾನವ ನೆಲೆಗಳ ಸಾಲಿಗೆ ಸೇರುತ್ತವೆ. ಅದೇ ಸೀಮೆಯ ಬೂದಿಹಾಳದ ಬೂದಿದಿಬ್ಬ, ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟದ್ದರ ಗುರುತು. ರಾಯಚೂರು ದೋಆಬ್‌ಗಾಗಿ ರಾಜ್ಯಗಳು ಕಾದಾಡುವಾಗಲೂ ನದಿಯ ಋತುವನ್ನು ನೋಡಿಯೇ ದಂಡು ಕಟ್ಟಬೇಕಿತ್ತು. ಕೃಷ್ಣದೇವರಾಯನ ರಾಯಚೂರು ಕದನ ನಡೆದದ್ದು 1520ರ ಮೇ ತಿಂಗಳಲ್ಲಿ, ವಿಜಯನಗರದ ಪತನಕ್ಕೆ ಕಾರಣವಾದ ರಕ್ಕಸಗಿ–ತಂಗಡಗಿ ಯುದ್ಧ 1565ರ ಜನವರಿಯಲ್ಲಿ. ಎರಡೂ ಕದನ ನಡೆದದ್ದು ಹೊಳೆ ತಗ್ಗುವ ತಿಂಗಳುಗಳಲ್ಲಿ. ನದಿಯಿಂದ ದೂರದ ಎತ್ತರದಲ್ಲಿದ್ದ ವಿಜಯಪುರವನ್ನು ರಾಜಧಾನಿಯಾಗಿ ಉಳಿಸಿಕೊಳ್ಳಲು ಆದಿಲ್‌ಶಾಹಿಗಳು ತಾಜ್ ಬಾವಡಿ, ಬೇಗಂ ತಾಲಾಬ್‌ಗಳನ್ನು ಕಟ್ಟಿಸಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಜಲಾಶಯ ಮಾತ್ರ ರೈತನ ಹೊಲವೇ ಆಗಿತ್ತು. ಕಪ್ಪುಶಿಲೆ ಸವೆದು ಆದ ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿಳಿದು ಆಳಕ್ಕೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ತೇವ ಒಳಗೇ ಉಳಿಯುತ್ತದೆ. ರೈತರು ಒಡ್ಡು ಹಾಕಿ, ಮಳೆಯನ್ನೆಲ್ಲ ಹೊಲಕ್ಕೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಾರೆ. ಮಳೆ ನಿಂತ ಮೇಲೂ ಆ ಹಸಿಯಲ್ಲೇ ಪೈರು ಬೆಳೆದು ತೆನೆ ಕಟ್ಟುತ್ತದೆ. ಮಳೆಗಾಲದ ನೀರನ್ನು ಮಾಘದ ರಾಶಿಯವರೆಗೆ ಹಿಡಿದಿಡುವ ಈ ವಿದ್ಯೆಗೆ ಕಾಲುವೆಯೂ ಬೇಕಿರಲಿಲ್ಲ, ಪಂಪೂ ಬೇಕಿರಲಿಲ್ಲ. ಆದರೆ ಮಳೆಯೇ ಕೈಕೊಟ್ಟರೆ ಗತಿಯಿರಲಿಲ್ಲ. 1876–78ರ ಮಹಾಕ್ಷಾಮ ಈ ಸೀಮೆಯ ಹಳ್ಳಿಗಳನ್ನು ಬರಿದು ಮಾಡಿತು. ನದಿಗೆ ಅಣೆಕಟ್ಟು ಬೇಕು ಎಂಬ ಕೂಗಿನ ಹಿಂದೆ ಇಂಥ ಬರಗಾಲಗಳ ನೆನಪಿದೆ. ಅದನ್ನು ಲಘುವಾಗಿ ಕಾಣುವಂತಿಲ್ಲ.

ಆ ಕೂಗಿಗೆ ಸರ್ಕಾರಕ್ಕಿಂತ ಮೊದಲು ಉತ್ತರ ಕಂಡುಕೊಂಡವರು ಜಮಖಂಡಿ ಭಾಗದ ರೈತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಅವರು ತಾವೇ ವಂತಿಗೆ ಎತ್ತಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರಾಯಿತು. ಮಳೆಗಾಲದ ಕೊನೆಯ ನೀರನ್ನು ಬೇಸಿಗೆಗೆ ಹಿಡಿದಿಡುವುದು ಅದರ ಉದ್ದೇಶ. ಹೊಸ ಪಾಲು ಕೇಳುವ ಪ್ರಶ್ನೆಯೇ ಅಲ್ಲಿರಲಿಲ್ಲ. ತಮ್ಮ ನದಿಗೆ ಏನು ಬೇಕು ಎಂಬುದನ್ನು ಅವರು ಸರಿಯಾಗಿ ಕಂಡುಕೊಂಡಿದ್ದರು.

ಸರ್ಕಾರದ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅವರು 1964ರ ಮೇ 22ರಂದೇ ಅಡಿಗಲ್ಲು ಹಾಕಿದ್ದರು. ಆದರೆ 519.6 ಮೀಟರ್ ಎತ್ತರಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಆ ಮಟ್ಟದಲ್ಲಿ 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಈ ನೀರು ಶಹಾಪುರ, ಸುರಪುರ, ದೇವದುರ್ಗದ ಕಡೆ ಬದುಕನ್ನು ಬದಲಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಕೊನೆಭಾಗದ ರೈತರು ನೀರಿಗೆ ಕಾದರು. ನದಿದಂಡೆಯ ಅಥಣಿ, ರಾಯಬಾಗ, ಜಮಖಂಡಿ, ಮುಧೋಳಗಳಲ್ಲಿ ಕಬ್ಬಿಗೆ ಹಾಯಿಸಿದ ಅತಿ ನೀರಿನಿಂದ ಎರೆಭೂಮಿ ಸವಳು–ಜವಳಾಗಿದೆ. ಆಳದ ಮಣ್ಣಿನಲ್ಲಿದ್ದ ಉಪ್ಪು ನೀರಿನೊಂದಿಗೆ ಮೇಲೇರಿ, ಹೊಲದ ಮೇಲೆ ಬೆಳ್ಳಗೆ ಹರಳುಗಟ್ಟುತ್ತದೆ. ಅಲ್ಲಿ ಬೀಜ ಮೊಳೆಯುವುದಿಲ್ಲ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಮಣ್ಣಿಗೆ ವರ್ಷವಿಡೀ ನೀರು ಕುಡಿಸಿದರೆ ಆಗುವುದು ಇದೇ. ಬಸಿಗಾಲುವೆ ಇಲ್ಲದ ನೀರಾವರಿ ಈ ನೆಲಕ್ಕೆ ಒಗ್ಗುವುದಿಲ್ಲ.

ನೀರಿನ ಹಂಚಿಕೆಯ ವಿಚಾರಕ್ಕೆ ಬಂದರೆ, ಬಚಾವತ್ ನ್ಯಾಯಮಂಡಳಿಯು ನೂರರಲ್ಲಿ 75 ವರ್ಷ ಖಚಿತವಾಗಿ ಸಿಗುವ ನೀರು 2,060 ಟಿಎಂಸಿ ಅಡಿ ಎಂದು ಲೆಕ್ಕ ಹಾಕಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಹಂಚಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ನೀಡಿತು. ಸುಪ್ರೀಂ ಕೋರ್ಟ್‌ನಲ್ಲಿರುವ ವ್ಯಾಜ್ಯದಿಂದಾಗಿ ಆ ತೀರ್ಪು ಗೆಜೆಟ್ ಅಧಿಸೂಚನೆಯಾಗದೆ ಉಳಿದಿದೆ. ತನ್ನ ಪಾಲನ್ನು ಪಡೆಯುವುದು ಕರ್ನಾಟಕದ ಹಕ್ಕು. ಆದರೆ ಈ ಲೆಕ್ಕಗಳಲ್ಲಿ ಆಗಸ್ಟ್‌ನ ಒಂದು ವಾರದಲ್ಲಿ ಬಂದು ಊರು ಮುಳುಗಿಸುವ ನೀರನ್ನು ಯಾರು, ಎಲ್ಲಿ, ಎಷ್ಟು ಹೊತ್ತು ಹಿಡಿಯಬೇಕು ಎಂಬುದಕ್ಕೆ ದಿನನಿತ್ಯದ ಉತ್ತರವಿಲ್ಲ.

ಆ ಉತ್ತರ ಇಲ್ಲದ ಜಾಗದಲ್ಲಿ ಆರೋಪ ಬೆಳೆದಿದೆ. 2005ರ ಪ್ರವಾಹದಿಂದಲೂ ಸಾಂಗ್ಲಿ ಮುಳುಗಿದಾಗಲೆಲ್ಲ ಮಹಾರಾಷ್ಟ್ರದಲ್ಲಿ ಆಲಮಟ್ಟಿಯ ಕಡೆ ಬೆರಳು ತೋರಿಸಲಾಗುತ್ತದೆ. 2019ರ ಪ್ರವಾಹದ ಬಳಿಕ ಆ ರಾಜ್ಯ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ ಆಲಮಟ್ಟಿ ಹಿನ್ನೀರು ಇದಕ್ಕೆ ಕಾರಣವಲ್ಲ ಎಂದು ಹೇಳಿದೆ. ಕಾರಣಗಳು ಹತ್ತಿರದಲ್ಲೇ ಇವೆ. ಕೊಲ್ಹಾಪುರದಿಂದ ಬರುವ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುವ ಪ್ರದೇಶ ಸಮತಟ್ಟು. ಕೃಷ್ಣೆ ತುಂಬಿದ್ದರೆ ಪಂಚಗಂಗೆಯ ನೀರು ಮುಂದೆ ಸರಿಯದೆ ಹಿಂದಕ್ಕೆ ಹರಡುತ್ತದೆ. ಘಟ್ಟದ ಜಲಾಶಯಗಳು ತುಂಬುತ್ತ ಬಂದಿರುವಾಗಲೇ ಅತಿಭಾರಿ ಮಳೆ ಸುರಿದರೆ ಗೇಟು ತೆರೆಯದೆ ದಾರಿಯಿಲ್ಲ. ನದಿ ಹರಡಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಬಡಾವಣೆಗಳಿವೆ. ಎರಡೂ ರಾಜ್ಯಗಳಿಗೆ ಈ ಮಾತು ಅನ್ವಯಿಸುತ್ತದೆ.

ಆಲಮಟ್ಟಿ ಹಿನ್ನೀರಿನ ಮುಳುಗಡೆಯವರ ಪಾಲಿಗೂ ಇದು ಕಾಲದ ಪ್ರಶ್ನೆಯೇ. ಹಳೆ ಬಾಗಲಕೋಟೆಯ ಭಾಗಗಳು ನೀರಿಗೆ ಹೋಗಿ ನವನಗರ ಎದ್ದಿತು. ಆಲಮಟ್ಟಿಯ ಎತ್ತರ ಏರಿಸುವ ಮೂರನೇ ಹಂತಕ್ಕೆ ಸುಮಾರು 75 ಸಾವಿರ ಎಕರೆ ಮುಳುಗಲಿದೆ. ಕರ್ನಾಟಕದ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನೀರಾವರಿ ಜಮೀನಿಗೆ ಎಕರೆಗೆ ₹40 ಲಕ್ಷ, ಒಣಭೂಮಿಗೆ ₹30 ಲಕ್ಷ ನಿಗದಿ ಮಾಡಿದೆ. ದರ ನಿಗದಿಯಾದದ್ದು ಒಳ್ಳೆಯದು. ಆದರೆ ಮುಳುಗಡೆ ಎಂದು ಗುರುತಾದ ಹೊಲಕ್ಕೆ ಯಾರೂ ಬಾವಿ ತೋಡುವುದಿಲ್ಲ, ಮನೆಗೆ ಮಾಳಿಗೆ ಏರಿಸುವುದಿಲ್ಲ. ಹೀಗೆ ಕಾಯುತ್ತಲೇ ಕಳೆದ ವರ್ಷಗಳನ್ನು ಯಾವ ಪರಿಹಾರದ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಗಬೇಕಾದ ಕೆಲಸಗಳು ಅಸಾಧ್ಯದವೇನೂ ಅಲ್ಲ. ಮೊದಲನೆಯದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಯ್ನಾ, ವಾರಣಾ, ರಾಧಾನಗರಿ, ದೂಧಗಂಗಾ, ಹಿಪ್ಪರಗಿ, ಆಲಮಟ್ಟಿ ಎಲ್ಲವನ್ನೂ ಒಂದೇ ಸರಪಳಿಯಾಗಿ ನೋಡಿ ಗೇಟು ನಿರ್ವಹಿಸುವ ಜಂಟಿ ವ್ಯವಸ್ಥೆ. ಘಟ್ಟದಲ್ಲಿ ಬೀಳುವ ಮಳೆ, ಒಳಹರಿವು, ಹೊರಹರಿವಿನ ಅಂಕಿಅಂಶ ಗಂಟೆಗಂಟೆಗೂ ಎರಡೂ ಕಡೆಯ ಜನರಿಗೆ ಸಿಗುವಂತಿರಬೇಕು. ನದಿ ಮಂಡಳಿಗಳ ಕಾಯ್ದೆ 1956ರಿಂದಲೇ ಇದೆ. ಇದೇ ಕಣಿವೆಯ ತುಂಗಭದ್ರಾ ಜಲಾಶಯವನ್ನು ಹಲವು ದಶಕಗಳಿಂದ ಜಂಟಿ ಮಂಡಳಿಯೇ ನೋಡಿಕೊಳ್ಳುತ್ತಿದೆ. ಅಲ್ಲಿ ಹೂಳು ತುಂಬಿ ಸಂಗ್ರಹ ಸಾಮರ್ಥ್ಯ ಕುಗ್ಗಿದೆ, 2024ರ ಆಗಸ್ಟ್‌ನಲ್ಲಿ ಗೇಟೊಂದು ಕೊಚ್ಚಿಹೋಯಿತು, ಕೊರತೆಗಳಿವೆ. ಆದರೂ ಜಗಳವಾಡುವ ರಾಜ್ಯಗಳು ಒಂದೇ ಮೇಜಿನ ಸುತ್ತ ಕೂತು ನೀರು ಬಿಡಬಲ್ಲವು ಎಂಬುದನ್ನು ಆ ಮಂಡಳಿ ತೋರಿಸಿದೆ.

ಎರಡನೆಯದು, ಬೇಸಿಗೆಯ ಕುಡಿಯುವ ನೀರಿಗೆ ಪ್ರತಿ ವರ್ಷ ಪತ್ರ ಬರೆದು ಬೇಡುವ ಬದಲು ಲಿಖಿತ ಒಪ್ಪಂದ. ಮೂರನೆಯದು, ನೆರೆಯ ಗಡಿ ಗುರುತಿಸಿ ಅದರೊಳಗೆ ಕಟ್ಟಡಕ್ಕೆ ತಡೆ. ನಾಲ್ಕನೆಯದು, ಹೊಸ ಕಾಲುವೆಯ ಹಣದ ಜೊತೆಗೇ ಬಸಿಗಾಲುವೆಯ ಹಣ, ಸವಳು–ಜವಳು ಭೂಮಿಯ ದುರಸ್ತಿ. ಹಾಗೆಯೇ, ಆಲಮಟ್ಟಿಯ ಗೇಟಿನ ಎತ್ತರ ಏರುವ ಮೊದಲು ಕೊನೆಯ ಸಂತ್ರಸ್ತನಿಗೂ ಪರಿಹಾರ ತಲುಪಿರಬೇಕು.

ಅಧಿಸೂಚನೆ ಇಂದಲ್ಲ ನಾಳೆ ಹೊರಬೀಳಬಹುದು, ಪಾಲೂ ಸಿಗಬಹುದು. ಆದರೆ ಘಟ್ಟದ ಮಳೆ ಯಾವ ನ್ಯಾಯಮಂಡಳಿಯ ವೇಳಾಪಟ್ಟಿಯನ್ನೂ ನೋಡಿ ಸುರಿಯುವುದಿಲ್ಲ. ಅದು ಸುರಿಯುವ ದಿನ ಸಾಂಗ್ಲಿಯ ವ್ಯಾಪಾರಿಗೂ ಜಮಖಂಡಿಯ ರೈತನಿಗೂ ಬೇಕಾದದ್ದು ಒಂದೇ: ಮೇಲಿನ ಗೇಟು ತೆರೆಯುವವರೂ ಕೆಳಗಿನ ಗೇಟು ತೆರೆಯುವವರೂ ಪರಸ್ಪರ ಮಾತಾಡಿಕೊಂಡಿರುವುದು. ಅದಕ್ಕೆ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾಯಬೇಕಿಲ್ಲ. ಇಬ್ಬರು ಮುಖ್ಯಮಂತ್ರಿಗಳು ಮನಸ್ಸು ಮಾಡಿದರೆ ಬರುವ ಮುಂಗಾರಿನೊಳಗೇ ಇದು ಆಗಬಲ್ಲದು.