ನಾಡಿಯ ಅಲೆಯನ್ನು ಓದುವವರು ಬೇಕು

2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೂರದ ತಜ್ಞರ ಕಣ್ಣಿಗೆ ಬೀಳುವಂತಾಯಿತು. ರೋಣ ತಾಲ್ಲೂಕಿನ ಬೆಳವಣಕಿಯಂಥ ಊರುಗಳಿಗೆ ಇದು ದೊಡ್ಡ ಆಸರೆ. ಆದರೆ ಇದು ಎದೆನೋವು ಬಂದ ಮೇಲಿನ ಮಾತು. ರಕ್ತನಾಳ ಪೆಡಸಾಗುವುದು ಅದಕ್ಕೂ ಎಷ್ಟೋ ವರ್ಷ ಮೊದಲು, ಸದ್ದಿಲ್ಲದೆ.

ಆ ಸುಳಿವು ನಾಡಿಯ ಅಲೆಯಲ್ಲಿದೆ. ಅದನ್ನು ಕಾಗದದ ಮೇಲೆ ಮೂಡಿಸುವ ಸಾಧನವನ್ನು ಫ್ರಾನ್ಸಿನ ಮಾರೇ 1860ರ ವೇಳೆಗೇ ರೂಪಿಸಿದ್ದರು. ಮೆತ್ತನೆಯ ಧಮನಿಯಲ್ಲಿ ಅಲೆ ನಿಧಾನವಾಗಿ, ಪೆಡಸಾದುದರಲ್ಲಿ ವೇಗವಾಗಿ ಸಾಗುತ್ತದೆ. ಕುತ್ತಿಗೆ ಮತ್ತು ತೊಡೆಸಂದಿಯ ನಾಡಿಗಳನ್ನು ದಾಖಲಿಸಿ, ನಡುವಣ ದೂರವನ್ನು ಅಲೆ ತಲುಪಿದ ಕಾಲದ ಅಂತರದಿಂದ ಭಾಗಿಸಿದರೆ ಆ ವೇಗ ದೊರೆಯುತ್ತದೆ. ಸೆಕೆಂಡಿಗೆ 10 ಮೀಟರ್ ಮೀರಿದರೆ ಧಮನಿಗೆ ಹಾನಿಯಾಗಿರುವ ಸೂಚನೆಯೆಂದು 2013ರ ಯುರೋಪಿನ ಮಾರ್ಗಸೂಚಿ ಪರಿಗಣಿಸಿತು. ಆದರೆ ವಯಸ್ಸಾದಂತೆಯೂ ವೇಗ ಏರುತ್ತದೆ. ಅಳೆಯುವ ಹೊತ್ತಿನ ರಕ್ತದೊತ್ತಡವೂ ಅದನ್ನು ಏರಿಳಿಸುತ್ತದೆ. ಅಂಕಿಯೊಂದನ್ನೇ ನಂಬಿ ಔಷಧಿ ಬರೆಯುವಂತಿಲ್ಲ.

ಆದ್ದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಯಂತ್ರ ಎಂಬ ಬೇಡಿಕೆಯನ್ನು ನಾನು ಒಪ್ಪಲಾರೆ. ಸರ್ಕಾರದಲ್ಲಿ ಯಂತ್ರ ಖರೀದಿಯ ಕಡತ ಓಡುತ್ತದೆ, ಅದನ್ನು ನಡೆಸುವವರ ನೇಮಕದ ಕಡತ ಕುಂಟುತ್ತದೆ. ಸೇವೆಯಲ್ಲಿದ್ದಾಗ ಇದನ್ನು ಸಾಕಷ್ಟು ಕಂಡಿದ್ದೇನೆ. ಹಳ್ಳಿಯಲ್ಲಿ ಮೊದಲು ಆಗಬೇಕಾದದ್ದು, ರೋಗಿಯನ್ನು ಐದು ನಿಮಿಷ ಕೂರಿಸಿ, ತೋಳಿನ ಅಳತೆಗೆ ತಕ್ಕ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುವುದು. ಔಷಧಿಗೂ ಒತ್ತಡ ಬಗ್ಗದವರನ್ನು ಗದಗಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ, ಅಲ್ಲಿ ನಾಡಿಯ ಅಲೆಯನ್ನು ದಾಖಲಿಸಲಿ. ಇಸಿಜಿ ಸಾಗುವ ದಾರಿಯಲ್ಲೇ ಅದೂ ತಜ್ಞರಿಗೆ ತಲುಪಲಿ. ಬೇಕಾಗುವುದು ಜಿಲ್ಲೆಗೆ ಒಂದು ಯಂತ್ರ, ತರಬೇತಾದ ಇಬ್ಬರು ತಂತ್ರಜ್ಞರು.